ಸ್ತನದ ನೋವು: ಸ್ಕ್ಯಾನಿಂಗ್‌ಗೆ ಓಡುವ ಮುಂಚೆ ಎಲ್ಲೆಲ್ಲಿ ಹುಡುಕಬೇಕು?

ಸ್ತನ ನೋಯುತ್ತಿದೆ ಅಂದ ಕೂಡಲೇ ಮನಸ್ಸು ಓಡುವುದು ಒಂದೇ ಕಡೆಗೆ. ಕ್ಲಿನಿಕ್‌ಗೆ ಬರುವ ಹೆಂಗಸರಲ್ಲಿ ಹೆಚ್ಚಿನವರು ಕ್ಯಾನ್ಸರ್ ಎಂಬ ಪದವನ್ನು ಬಾಯಿಬಿಟ್ಟು ಹೇಳುವುದಿಲ್ಲ. "ಸುಮ್ನೆ ಒಂದ್ಸಲ ನೋಡಿಬಿಡಿ ಡಾಕ್ಟ್ರೇ" ಅನ್ನುತ್ತಾರೆ. ಕೈಯಲ್ಲಿ ಆಗಲೇ ಮಾಡಿಸಿಕೊಂಡ ಸ್ಕ್ಯಾನ್ ರಿಪೋರ್ಟ್ ಇರುತ್ತದೆ. ರಿಪೋರ್ಟ್ ನಾರ್ಮಲ್, ನೋವು ಮಾತ್ರ ಇದ್ದ ಹಾಗೇ ಇದೆ. ಇದರಲ್ಲಿ ಆಶ್ಚರ್ಯವೇನಿಲ್ಲ, ಸ್ಕ್ಯಾನ್ ಹುಡುಕುವುದು ಗಂಟನ್ನು. ಸ್ತನ ನೋವಿನ ಕಾರಣ ಬಹಳ ಸಲ ಸಿಗುವುದು ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ, ಬೆರಳ ತುದಿಯಲ್ಲಿ ಅಥವಾ ಮಾತ್ರೆ ಡಬ್ಬದಲ್ಲಿ.

ನೂರಕ್ಕೆ ಸುಮಾರು 70 ಹೆಂಗಸರಿಗೆ ಬದುಕಿನಲ್ಲಿ ಒಂದಲ್ಲ ಒಂದು ಹೊತ್ತಿನಲ್ಲಿ ಈ ನೋವು ಬಂದೇ ಬರುತ್ತದೆ ಎನ್ನುವುದು ವೈದ್ಯಕೀಯದಲ್ಲಿ ಸಾಮಾನ್ಯವಾಗಿ ಹೇಳುವ ಲೆಕ್ಕ. ಗಂಟಿಲ್ಲ, ಚರ್ಮ ಬದಲಾಗಿಲ್ಲ, ತೊಟ್ಟಿನಿಂದ ಏನೂ ಸೋರುತ್ತಿಲ್ಲ, ಬರೀ ನೋವಷ್ಟೇ ಇದೆ ಎಂದಾದರೆ ಅದರ ಹಿಂದೆ ಕ್ಯಾನ್ಸರ್ ಇರುವುದು ಅಪರೂಪ. ನನಗೆ ಹೆಚ್ಚು ಚಿಂತೆ ತರುವುದು ಇದರ ತಿರುವು. ಕ್ಯಾನ್ಸರ್ ಗಂಟು ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದೇ ಇಲ್ಲ. ನೋವಿಗೆ ಹೆದರಿ ಮೂರು ಕಡೆ ಸ್ಕ್ಯಾನ್ ಮಾಡಿಸುವ ಮನೆಯಲ್ಲೇ, ನೋವಿಲ್ಲದ ಗಂಟನ್ನು "ಏನೂ ತೊಂದರೆ ಕೊಡ್ತಿಲ್ವಲ್ಲ" ಎಂದು ವರ್ಷಗಟ್ಟಲೆ ಬಿಟ್ಟ ಅತ್ತೆಯೋ ಅಕ್ಕನೋ ಇರುತ್ತಾರೆ. ಕಿದ್ವಾಯಿ ಸಂಸ್ಥೆಯಲ್ಲಿ 1982ರಿಂದ ಬೆಂಗಳೂರಿನ ಕ್ಯಾನ್ಸರ್ ನೋಂದಣಿ ನಡೆಯುತ್ತಿದೆ. ಹೆಂಗಸರ ಪಟ್ಟಿಯಲ್ಲಿ ಈಗ ಮೊದಲಿಗೆ ಬರುವುದು ಸ್ತನದ ಕ್ಯಾನ್ಸರ್. ಹಾಗಾಗಿ ಹೆದರಿಕೆ ಸುಳ್ಳೇನಲ್ಲ, ಆದರೆ ಬಹಳ ಸಲ ಅದು ತಪ್ಪು ಲಕ್ಷಣದ ಬೆನ್ನು ಹತ್ತಿರುತ್ತದೆ.

ಇವು ಇದ್ದರೆ ಮುಂದೆ ಓದಬೇಡಿ, ಹೊರಡಿ

ಎದೆಯ ನಡುವೆ ಅಥವಾ ಎಡಕ್ಕೆ ಭಾರ ಹೇರಿದ ಹಾಗೆ ಒತ್ತುತ್ತಿದೆ, ನೋವು ದವಡೆಗೋ ತೋಳಿಗೋ ಬೆನ್ನಿಗೋ ಹಬ್ಬುತ್ತಿದೆ, ತಣ್ಣನೆ ಬೆವರು, ಏದುಸಿರು: ಇದು ಹೃದಯದ್ದಿರಬಹುದು. 108ಕ್ಕೆ ಕರೆ ಮಾಡಿ. ಸಕ್ಕರೆ ಕಾಯಿಲೆ, ಬಿ.ಪಿ. ಇರುವವರು, ಮುಟ್ಟು ನಿಂತವರು ಇದನ್ನು ಗ್ಯಾಸ್ ಎಂದುಕೊಂಡು ಸೋಡಾ ಕುಡಿದು ಮಲಗುವುದು ಬೇಡ.

ಸ್ತನ ಕೆಂಪಾಗಿ ಬಿಸಿಯಾಗಿದ್ದು ಜತೆಗೆ ಚಳಿಜ್ವರ ಇದ್ದರೆ ಅದೇ ದಿನ ಡಾಕ್ಟರನ್ನು ಕಾಣಿ, ಬಾಣಂತಿಯಾಗಿದ್ದರೂ ಸರಿ, ಆಗಿಲ್ಲದಿದ್ದರೂ ಸರಿ.

ಹೊಸದಾಗಿ ಕೈಗೆ ಸಿಕ್ಕ ಗಂಟು, ಚರ್ಮ ಒಂದು ಕಡೆ ಒಳಕ್ಕೆ ಎಳೆದುಕೊಂಡಿರುವುದು, ಕಿತ್ತಳೆ ಸಿಪ್ಪೆಯ ಹಾಗೆ ಚುಕ್ಕಿಚುಕ್ಕಿಯಾಗಿ ದಪ್ಪಗಾದ ಚರ್ಮ, ಇತ್ತೀಚೆಗೆ ಒಳಹೋದ ತೊಟ್ಟು, ತೊಟ್ಟಿನ ಮೇಲೆ ವಾಸಿಯಾಗದ ಹುಣ್ಣು, ಒಂದೇ ತೊಟ್ಟಿನಿಂದ ತಾನಾಗಿ ಬರುವ ರಕ್ತ ಅಥವಾ ನೀರಿನಂಥ ದ್ರವ, ಕಂಕುಳಲ್ಲಿ ಗಂಟು. ಇವು ನೋಯಲಿ, ನೋಯದಿರಲಿ, ಆ ವಾರದಲ್ಲೇ ತೋರಿಸಬೇಕು. ಹಬ್ಬ ಮುಗಿಯಲಿ, ಮಕ್ಕಳ ಪರೀಕ್ಷೆ ಮುಗಿಯಲಿ ಎಂದು ಮುಂದೂಡುವ ಸಾಲಿಗೆ ಇವು ಸೇರುವುದಿಲ್ಲ.

ಮೇಲಿನ ಯಾವುದೂ ಇಲ್ಲವೇ? ಹಾಗಾದರೆ ನಿಧಾನವಾಗಿ ಹುಡುಕಬಹುದು.

ಮೊದಲ ಪ್ರಶ್ನೆ: ನೋವು ಸ್ತನದಲ್ಲಿದೆಯೋ, ಅದರ ಹಿಂದಿದೆಯೋ?

ಇದನ್ನು ಮನೆಯಲ್ಲೇ ನೋಡಬಹುದು. ಎಡ ಸ್ತನ ನೋಯುತ್ತಿದ್ದರೆ ಬಲ ಮಗ್ಗುಲಿಗೆ, ಅರ್ಧ ಬೆನ್ನ ಮೇಲೆ ವಾಲಿ ಮಲಗಿ. ಸ್ತನ ಪಕ್ಕೆಲುಬಿನಿಂದ ಸರಿದು ಒಳಗಡೆಗೆ ಜಾರುತ್ತದೆ. ಈಗ ಒಂದೇ ಬೆರಳಿನಿಂದ ಕಂಕುಳ ಕೆಳಗಿನ ಪಕ್ಕೆಲುಬುಗಳನ್ನು ಒಂದೊಂದಾಗಿ ಒತ್ತುತ್ತಾ ಬನ್ನಿ. ಆಮೇಲೆ ಎದ್ದು ಕೂತು, ಎದೆಮೂಳೆಗೆ ಪಕ್ಕೆಲುಬು ಸೇರುವ ಅಂಚನ್ನು ಮೇಲಿನಿಂದ ಕೆಳಗೆ ಒತ್ತಿ. "ಹಾಂ, ಇಲ್ಲೇ, ಇದೇ ನೋವು" ಎಂದು ಒಂದು ಬಿಂದುವಿನಲ್ಲಿ ಬೆರಳು ನಿಂತರೆ ನೋವಿನ ಬೇರು ಮೂಳೆ, ಮೃದ್ವಸ್ಥಿ ಅಥವಾ ಸ್ನಾಯುವಿನಲ್ಲಿದೆ. ಎರಡೂ ಕೈಯಲ್ಲಿ ಸ್ತನವನ್ನು ಮೆಲ್ಲಗೆ ಹಿಡಿದು ಎತ್ತಿದಾಗ ನೋವಿಲ್ಲ, ಪಕ್ಕೆ ಒತ್ತಿದರೆ ಮಾತ್ರ ನೋವು ಎಂದಾದರೆ ಅನುಮಾನ ಇನ್ನೂ ಗಟ್ಟಿ.

ಈ ಗುಂಪು ನಾವಂದುಕೊಂಡದ್ದಕ್ಕಿಂತ ದೊಡ್ಡದು. ಎದೆಮೂಳೆಯ ಪಕ್ಕದ ಮೃದ್ವಸ್ಥಿ ಊದಿಕೊಳ್ಳುವುದಕ್ಕೆ ಕಾಸ್ಟೊಕಾಂಡ್ರೈಟಿಸ್ ಎನ್ನುತ್ತಾರೆ. ಎರಡನೆಯ ಪಕ್ಕೆಲುಬಿನಿಂದ ಐದನೆಯದರವರೆಗೆ ಹೆಚ್ಚು. ಆಳವಾಗಿ ಉಸಿರೆಳೆದರೆ, ಕೆಮ್ಮಿದರೆ, ಮಗ್ಗುಲು ಬದಲಿಸಿದರೆ ಚುಚ್ಚುತ್ತದೆ. ಬೆಂಗಳೂರಿನ ಧೂಳಿಗೋ ಹವಾ ಬದಲಾವಣೆಗೋ ಶುರುವಾಗಿ ವಾರಗಟ್ಟಲೆ ಎಳೆಯುವ ಒಣಕೆಮ್ಮಿನ ಬಾಲದಲ್ಲಿ ಇದನ್ನು ತುಂಬಾ ನೋಡುತ್ತೇವೆ. ಎದೆಯ ಸ್ನಾಯು ಎಳೆದುಕೊಳ್ಳುವುದು ಇನ್ನೊಂದು ಬಗೆ. 20 ಲೀಟರಿನ ನೀರಿನ ಕ್ಯಾನ್ ಎತ್ತಿ ಡಿಸ್ಪೆನ್ಸರ್ ಮೇಲೆ ಕೂರಿಸಿದವರು, ಲಿಫ್ಟ್ ಕೆಟ್ಟ ದಿನ ಮಗುವನ್ನು ಸೊಂಟಕ್ಕೆ ಹಾಕಿಕೊಂಡು ಮೆಟ್ಟಿಲು ಹತ್ತಿದವರು, ಜಿಮ್ ಸೇರಿದ ಮೊದಲ ವಾರದಲ್ಲೇ ಪುಷ್‌ಅಪ್‌ಗೆ ಇಳಿದವರು. ಇವರನ್ನು "ಏನಾದ್ರೂ ಭಾರ ಎತ್ತಿದ್ರಾ?" ಎಂದು ಕೇಳಿದರೆ ಮೊದಲು "ಇಲ್ಲ" ಎಂದೇ ಉತ್ತರ. ನೀರಿನ ಕ್ಯಾನ್ ನಮ್ಮ ಹೆಂಗಸರ ಲೆಕ್ಕದಲ್ಲಿ ಭಾರವೇ ಅಲ್ಲ.

ಇಡೀ ದಿನ ಲ್ಯಾಪ್‌ಟಾಪ್ ಮುಂದೆ ಬಾಗಿ ಕೂರುವವರಲ್ಲಿ ಕುತ್ತಿಗೆಯ ನರ ಒತ್ತಿಕೊಂಡು ನೋವು ಭುಜ, ಕಂಕುಳು, ಸ್ತನದ ಮೇಲ್ಭಾಗಕ್ಕೆ ಇಳಿಯುವುದುಂಟು. ಕುತ್ತಿಗೆ ತಿರುಗಿಸಿದಾಗ ಹೆಚ್ಚಾಗುತ್ತದೆಯೇ ನೋಡಿ. ಎದೆಯುರಿಯ ಹುಳಿ ಮೇಲಕ್ಕೆ ಬಂದು ಎದೆಮೂಳೆಯ ಹಿಂದೆ ಉರಿಯುವುದನ್ನೂ ಕೆಲವರು ಸ್ತನದ ನೋವೆಂದೇ ತಿಳಿಯುತ್ತಾರೆ.

ಒಂದೇ ಬದಿಗೆ, ಬೆನ್ನಿನಿಂದ ಸ್ತನದ ಕೆಳಕ್ಕೆ ಪಟ್ಟಿಯ ಹಾಗೆ ಸುತ್ತಿ ಬರುವ ಉರಿ, ಬಟ್ಟೆ ತಾಗಿದರೂ ಸಹಿಸಲಾಗದ ನೋವು ಇದ್ದರೆ ಕನ್ನಡಿ ಮುಂದೆ ನಿಂತು ದಿನಾ ಚರ್ಮ ನೋಡಿಕೊಳ್ಳಿ. ಎರಡು ಮೂರು ದಿನದಲ್ಲಿ ನೀರುಗುಳ್ಳೆಗಳ ಸಾಲು ಎದ್ದರೆ ಅದು ಸರ್ಪಸುತ್ತು. ಕೆಮ್ಮಣ್ಣು ಹಚ್ಚಿ ಮಂತ್ರ ಹಾಕಿಸುವಷ್ಟರಲ್ಲಿ ಔಷಧದ ಹೊತ್ತು ಕೈತಪ್ಪುತ್ತದೆ. ವೈರಸ್ ತಡೆಯುವ ಮಾತ್ರೆ ಗುಳ್ಳೆ ಎದ್ದ 72 ಗಂಟೆಯೊಳಗೆ ಶುರುವಾದರೆ ಹೆಚ್ಚು ಕೆಲಸ ಮಾಡುತ್ತದೆ.

ಎರಡನೆಯದು: ಕ್ಯಾಲೆಂಡರ್ ಏನು ಹೇಳುತ್ತದೆ?

ನಿಜವಾಗಿ ಸ್ತನದ್ದೇ ಆದ ನೋವಿನಲ್ಲಿ ಸುಮಾರು ಮೂರನೇ ಎರಡು ಪಾಲು ಮುಟ್ಟಿನ ಚಕ್ರಕ್ಕೆ ಅಂಟಿಕೊಂಡದ್ದು. ಅಂಡ ಬಿಡುಗಡೆಯಾದ ಮೇಲೆ, ಅಂದರೆ ಮುಟ್ಟಿಗೆ ಒಂದೆರಡು ವಾರ ಮುಂಚೆ, ಹಾರ್ಮೋನ್‌ಗಳ ಏರಿಳಿತಕ್ಕೆ ಸ್ತನದ ಗ್ರಂಥಿಗಳು ನೀರು ತುಂಬಿಕೊಂಡು ಬಿಗಿಯುತ್ತವೆ. ಎರಡೂ ಕಡೆ ಭಾರ, ಹೊರಮೇಲ್ಭಾಗದಲ್ಲಿ ಹೆಚ್ಚು, ಕಂಕುಳವರೆಗೂ ಎಳೆತ. ಮುಟ್ಟು ಶುರುವಾದ ಒಂದೆರಡು ದಿನದಲ್ಲಿ ಇಳಿದುಹೋಗುತ್ತದೆ. ಒಂದು ಕಡೆ ಸ್ವಲ್ಪ ಹೆಚ್ಚು, ಇನ್ನೊಂದು ಕಡೆ ಕಡಿಮೆ ಇದ್ದರೂ ಗಾಬರಿ ಬೇಡ.

"ನಂದು ಹಾಗೇನಿಲ್ಲ, ಯಾವಾಗ್ಲೂ ಇರತ್ತೆ" ಎನ್ನುವವರಿಗೆ ನಾನು ಕೊಡುವ ಮೊದಲ ಮದ್ದು ಬರೆಯುವ ಕೆಲಸ. ಅಡುಗೆಮನೆ ಗೋಡೆಯಲ್ಲಿ ಹಾಲಿನ ಲೆಕ್ಕ, ಪೇಪರಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬದಲಿಸಿದ ದಿನ ಎಲ್ಲ ಗುರುತು ಹಾಕುವ ಕ್ಯಾಲೆಂಡರ್ ಇರುತ್ತದಲ್ಲ, ಅದರಲ್ಲೇ ಮೂಲೆಯಲ್ಲಿ ದಿನಾ ಒಂದು ಅಂಕಿ: ನೋವಿಲ್ಲದಿದ್ದರೆ 0, ಸ್ವಲ್ಪ ಇದ್ದರೆ 1, ಕೆಲಸಕ್ಕೆ ಅಡ್ಡಿಯಾದರೆ 2, ಮಾತ್ರೆ ನುಂಗಿದರೆ 3. ಮುಟ್ಟಾದ ದಿನಗಳಿಗೆ ಒಂದು ಸುತ್ತು. ಮನೆಯವರ ಕಣ್ಣಿಗೆ ಬೀಳುವುದು ಬೇಡವೆಂದರೆ ಫೋನಿನಲ್ಲಿ ಬರೆಯಿರಿ. ಎರಡು ಮೂರು ತಿಂಗಳ ಹಾಳೆ ಪಕ್ಕಪಕ್ಕ ಇಟ್ಟರೆ ಅಂಕಿಗಳು ಏರಿ, ಸುತ್ತು ಬಂದಲ್ಲಿ ಬಿದ್ದುಹೋಗುವುದು ಕಣ್ಣಿಗೆ ಹೊಡೆಯುತ್ತದೆ. ಹಾಗೆ ಕಂಡರೆ ಅಲ್ಲಿಗೆ ಹುಡುಕಾಟ ಬಹುಪಾಲು ಮುಗಿಯಿತು. ಹೀಗೆ ಕಂಡವರಲ್ಲಿ ಹಲವರು ಔಷಧವನ್ನೇ ಕೇಳುವುದಿಲ್ಲ. ಕ್ಯಾನ್ಸರ್ ಅಲ್ಲ ಎಂದು ಮನಸ್ಸಿಗೆ ಒಪ್ಪಿದರೆ ಅದೇ ನೋವು ತಡೆಯುವಂಥದ್ದಾಗುತ್ತದೆ.

ನಲವತ್ತು ದಾಟಿ ಮುಟ್ಟು ಹಿಂದುಮುಂದಾಗುವ ಕಾಲದಲ್ಲಿ ಈ ನೋವು ಜೋರಾಗಬಹುದು, ಲಯವೂ ತಪ್ಪಬಹುದು. ಮುಟ್ಟು ಪೂರ್ತಿ ನಿಂತ ಮೇಲೆ ಇದು ಸಾಮಾನ್ಯವಾಗಿ ಹೋಗುತ್ತದೆ. ಮುಟ್ಟು ನಿಂತು ವರ್ಷಗಳಾದ ಮೇಲೆ ಹೊಸದಾಗಿ, ಒಂದೇ ಕಡೆ, ಒಂದೇ ಜಾಗದಲ್ಲಿ ನೋವು ಶುರುವಾದರೆ ಕ್ಯಾಲೆಂಡರ್ ಬಿಟ್ಟು ನೇರ ಪರೀಕ್ಷೆಗೆ ಹೋಗಬೇಕು.

ಮುಟ್ಟು ತಡವಾಗಿದೆಯೇ? ಸ್ತನ ಬಿಗಿದು ತೊಟ್ಟು ಜುಮ್ಮೆನ್ನುವುದು ಬಸಿರಿನ ಮೊದಲ ಸೂಚನೆಗಳಲ್ಲೊಂದು. ಉಳಿದ ಪರೀಕ್ಷೆಗಳಿಗೆ ಮುಂಚೆ ಮೆಡಿಕಲ್ ಶಾಪಿನಿಂದ ಕಿಟ್ ತಂದು ನೋಡಿಬಿಡಿ. ಮೊನ್ನೆ ತಾನೇ ಮುಟ್ಟು ಬಂದಿತ್ತು, ಆದರೆ ಬರೀ ಕಲೆಯಷ್ಟೇ ಎನ್ನುವವರೂ ನೋಡಬೇಕು.

ಮೂರನೆಯದು: ಮಾತ್ರೆ ಡಬ್ಬ ತೆರೆಯಿರಿ

ಇದು ಎಲ್ಲರೂ ಬಿಟ್ಟುಹೋಗುವ ಜಾಗ, ಡಾಕ್ಟರುಗಳೂ ಸೇರಿ.

ಶಾಲೆಯೊಂದರಲ್ಲಿ ಪಾಠ ಮಾಡುವ ಹೆಂಗಸು, ವಯಸ್ಸು ಮೂವತ್ತೈದರ ಆಸುಪಾಸು. ಎರಡೂ ಸ್ತನ ತಿಂಗಳಿಡೀ ಭಾರ, ಒತ್ತಿದರೆ ಎರಡು ಹನಿ ಹಾಲಿನಂಥ ನೀರು. ಚಿಕ್ಕ ಮಗುವಿಗೆ ಆಗಲೇ ಒಂಬತ್ತು ವರ್ಷ. ಸ್ಕ್ಯಾನ್‌ನಲ್ಲಿ ಏನೂ ಇಲ್ಲ. ಏನಾದರೂ ಮಾತ್ರೆ ತಗೊಳ್ತೀರಾ ಎಂದರೆ ಇಲ್ಲ ಎಂದರು. "ಗ್ಯಾಸ್‌ಗೆ?" ಎಂದು ಕೇಳಿದಾಗ "ಅದೊಂದು ಬೆಳಿಗ್ಗೆ ಖಾಲಿ ಹೊಟ್ಟೇಲಿ, ಅದೇನ್ ಮಾತ್ರೆ ಲೆಕ್ಕಾನಾ" ಎನ್ನುತ್ತಾ ವ್ಯಾನಿಟಿ ಬ್ಯಾಗಿನಿಂದ ಸ್ಟ್ರಿಪ್ ತೆಗೆದರು. ಮೇಲುಗಡೆ ದೊಡ್ಡ ಅಕ್ಷರದಲ್ಲಿ ಕಂಪನಿ ಇಟ್ಟ ಹೆಸರು. ಹಿಂದೆ, ಕತ್ತರಿಸಿದ ಅಂಚಿನ ಹತ್ತಿರ, ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ರ‍್ಯಾಬೆಪ್ರಜೋಲ್, ಅದರ ಕೆಳಗೆ ಲೆವೊಸಲ್ಪಿರೈಡ್ 75 ಮಿ.ಗ್ರಾಂ. ಯಾವಾಗಲೋ ಒಬ್ಬರು ಎರಡು ವಾರಕ್ಕೆಂದು ಬರೆದುಕೊಟ್ಟದ್ದನ್ನು ಮನೆ ಹತ್ತಿರದ ಅಂಗಡಿಯಲ್ಲಿ ಖಾಲಿ ಸ್ಟ್ರಿಪ್ ತೋರಿಸಿ ಮತ್ತೆ ಮತ್ತೆ ಕೊಂಡಿದ್ದರು. ಲೆವೊಸಲ್ಪಿರೈಡ್ ಮೆದುಳಿನ ಡೋಪಮಿನ್ ತಡೆದು ಪ್ರೊಲ್ಯಾಕ್ಟಿನ್ ಏರಿಸುತ್ತದೆ. ಹಾಲು ತರಿಸುವ ಹಾರ್ಮೋನ್ ಅದೇ. ರಕ್ತ ಪರೀಕ್ಷೆಯಲ್ಲೂ ಪ್ರೊಲ್ಯಾಕ್ಟಿನ್ ಹೆಚ್ಚಿತ್ತು. ಮಾತ್ರೆ ಬದಲಾಯಿಸಿದ ಮೇಲೆ ಕೆಲವು ವಾರದಲ್ಲಿ ನೋವೂ ಹೋಯಿತು, ಹನಿಯೂ ನಿಂತಿತು.

ಗ್ಯಾಸ್‌ಗೆ ಕೊಡುವ ಪ್ಯಾಂಟೊಪ್ರಜೋಲ್ ಜತೆಗೆ ಸೇರಿಸಿ ಕೊಡುವ ಡೋಂಪೆರಿಡೋನ್ ಕೂಡ ಇದೇ ಕೆಲಸ ಮಾಡಬಲ್ಲದು. ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ಮಾನಸಿಕ ಕಾಯಿಲೆಗೆ ಕೊಡುವ ರಿಸ್ಪೆರಿಡೋನ್ ಕೂಡ. ಗರ್ಭನಿರೋಧಕ ಗುಳಿಗೆ, ಮುಟ್ಟು ನಿಂತ ಮೇಲಿನ ಹಾರ್ಮೋನ್ ಮಾತ್ರೆ, ಮದುವೆಗೋ ಪೂಜೆಗೋ ಮುಟ್ಟು ಮುಂದೂಡಲು ನುಂಗುವ ಮಾತ್ರೆ, ಮಕ್ಕಳಾಗಲು ಕೊಡುವ ಹಾರ್ಮೋನ್ ಚುಚ್ಚುಮದ್ದು, ಖಿನ್ನತೆಗೆ ಕೊಡುವ ಕೆಲವು ಮಾತ್ರೆ, ಮೈಯಲ್ಲಿ ತುಂಬಿದ ನೀರು ಇಳಿಸಲು ಕೊಡುವ ಸ್ಪಿರೊನೊಲ್ಯಾಕ್ಟೋನ್, ಬಸಿರಿಯರ ಬಿ.ಪಿ.ಗೆ ಕೊಡುವ ಮೀಥೈಲ್‌ಡೋಪಾ, ಇವೂ ಪಟ್ಟಿಯಲ್ಲಿವೆ. ನೋವು ಶುರುವಾದ ತಿಂಗಳು, ಮಾತ್ರೆ ಶುರುವಾದ ತಿಂಗಳು ಎರಡನ್ನೂ ಹೊಂದಿಸಿ ನೋಡಿ. ತಾಳೆಯಾದರೆ ಬರೆದುಕೊಟ್ಟವರ ಹತ್ತಿರ ಮಾತಾಡಿ. ಮಾನಸಿಕ ಕಾಯಿಲೆಯ, ಬಿ.ಪಿ.ಯ, ಹೃದಯದ ಮಾತ್ರೆಗಳನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.

ನಾಲ್ಕನೆಯದು: ಬ್ರಾ

ಸಣ್ಣ ವಿಷಯವೆಂದು ನಗಬೇಡಿ. ಸ್ತನವನ್ನು ಹಿಡಿದಿಟ್ಟಿರುವುದು ಚರ್ಮ ಮತ್ತು ತೆಳ್ಳನೆಯ ಕಟ್ಟುಗಳಷ್ಟೇ; ದೊಡ್ಡ ಸ್ತನದವರಲ್ಲಿ ಅವು ಎಳೆದು ನೋಯುತ್ತವೆ. ಹದಿನೆಂಟರಲ್ಲಿ ಕೊಂಡ ಅಳತೆಯನ್ನೇ ಎರಡು ಹೆರಿಗೆಯ ಮೇಲೂ ಕೇಳಿ ತರುವವರು ಬಹಳ. ಚಿಕ್ಕಪೇಟೆಯಲ್ಲೋ ಮಲ್ಲೇಶ್ವರದ 8ನೇ ಅಡ್ಡರಸ್ತೆಯಲ್ಲೋ ಅಂಗಡಿಯ ಗಂಡಸರ ಮುಂದೆ ಅಳತೆ ಬಿಡಿಸಿ ಹೇಳಲು ಸಂಕೋಚಪಟ್ಟು, ಕೈಗೆ ಕೊಟ್ಟದ್ದನ್ನೇ ಹಿಡಿದು ಬರುತ್ತಾರೆ. ಮನೆಯಲ್ಲೇ ಟೇಪ್ ಹಿಡಿದು ಸ್ತನದ ಕೆಳಗಿನ ಸುತ್ತಳತೆ, ತುಂಬು ಭಾಗದ ಸುತ್ತಳತೆ ಎರಡನ್ನೂ ಬರೆದುಕೊಂಡು ಹೋಗಿ. ಸಂಜೆ ಬ್ರಾ ಬಿಚ್ಚಿದಾಗ ಭುಜದಲ್ಲಿ ಹಳ್ಳ, ಸ್ತನದ ಕೆಳಗೆ ಕೆಂಪು ಗೆರೆ ಇದ್ದರೆ, ಅಥವಾ ತಂತಿ ಸ್ತನದ ಮೇಲೇ ಕೂತಿದ್ದರೆ ಅಳತೆ ಸರಿಯಿಲ್ಲ. ಹಿಂದಿನ ಪಟ್ಟಿ ಮೇಲಕ್ಕೆ ಜಗ್ಗಿದ್ದರೆ ಸಡಿಲವಾಗಿದೆ ಎಂದರ್ಥ. ಭಾರ ಹೊರಬೇಕಾದ್ದು ಪಟ್ಟಿಯೇ ಹೊರತು ಭುಜವಲ್ಲ.

ಕಬ್ಬನ್ ಪಾರ್ಕಿನಲ್ಲಿ ಓಡುವವರಿಗೆ ಗಟ್ಟಿಯಾಗಿ ಹಿಡಿಯುವ ಸ್ಪೋರ್ಟ್ಸ್ ಬ್ರಾ ಬೇಕೇ ಬೇಕು. ನಮ್ಮ ರಸ್ತೆಗಳಲ್ಲಿ ದಿನಾ ಸ್ಕೂಟರ್ ಓಡಿಸುವವರಿಗೂ ಮುಟ್ಟಿನ ಮುಂಚಿನ ವಾರ ಅದನ್ನೇ ಹಾಕಿಕೊಳ್ಳಿ ಎನ್ನುತ್ತೇನೆ. ಹಂಪು, ಗುಂಡಿ ಯಾವುದೂ ಕಡಿಮೆಯಾಗುವ ಲಕ್ಷಣವಿಲ್ಲ. ಎದೆಗೆ ಅಡ್ಡವಾಗಿ ಹಾಕುವ ಭಾರದ ಬ್ಯಾಗಿನ ಪಟ್ಟಿಯೂ ಒಂದೇ ಜಾಗದಲ್ಲಿ ಒತ್ತಿ ನೋವು ತರಬಲ್ಲದು.

ಗಂಟು ಸಿಕ್ಕಿತು. ಏನದು?

ಕೈಯಿಂದ ನೀವು ತೀರ್ಮಾನಿಸುವಂತಿಲ್ಲ, ನಾನೂ ತೀರ್ಮಾನಿಸುವಂತಿಲ್ಲ. ಸಾಮಾನ್ಯವಾಗಿ ಕಾಣುವುದು ಇವು. ಮೂವತ್ತೈದರಿಂದ ಐವತ್ತರ ನಡುವೆ ಇದ್ದಕ್ಕಿದ್ದಂತೆ ಎದ್ದು ನೋಯುವ ಗಂಟು ಹೆಚ್ಚಾಗಿ ನೀರುಗುಳ್ಳೆ, ಅಂದರೆ ಸಿಸ್ಟ್. ಸೂಜಿಯಿಂದ ನೀರು ತೆಗೆದರೆ ಅಲ್ಲೇ ನೋವು ಇಳಿಯುತ್ತದೆ. ಹರೆಯದವರಲ್ಲಿ ಬೆರಳಡಿ ಜಾರಿಹೋಗುವ ಗಟ್ಟಿ ಗಂಟು ಬಹಳ ಸಲ ಫೈಬ್ರೊಅಡಿನೋಮಾ ಎಂಬ, ಕ್ಯಾನ್ಸರ್ ಅಲ್ಲದ ಗಂಟು. ಅದು ಸಾಮಾನ್ಯವಾಗಿ ನೋಯುವುದಿಲ್ಲ. ಪೆಟ್ಟು ಬಿದ್ದ ಜಾಗದಲ್ಲಿ ಕೊಬ್ಬು ಸತ್ತು ಗಂಟಾಗುವುದುಂಟು. ಚರ್ಮದಡಿ ಹುರಿಯಂತೆ ಉದ್ದಕ್ಕೆ ಗಟ್ಟಿಯಾಗಿ ನೋಯುವ ಮೊಂಡೋರ್ ತೊಂದರೆ ಮೇಲ್ಪದರದ ರಕ್ತನಾಳದ ಊತ, ಕೆಲವು ವಾರದಲ್ಲಿ ತಾನಾಗೇ ಕರಗುತ್ತದೆ. ಯಾವುದೇ ಗಂಟಿಗೂ ದಾರಿ ಒಂದೇ: ಡಾಕ್ಟರ ಕೈ ಪರೀಕ್ಷೆ, ಸ್ಕ್ಯಾನ್, ಬೇಕೆನಿಸಿದರೆ ಸೂಜಿ ಪರೀಕ್ಷೆ. ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಮಾತು ಊರೆಲ್ಲ ಓಡಾಡುತ್ತಿದೆ. ಅದನ್ನು ನಂಬಿ ಬಯಾಪ್ಸಿ ಬೇಡವೆಂದು ಎದ್ದುಹೋದವರು ಕಳೆದುಕೊಳ್ಳುವುದು ಅತ್ಯಮೂಲ್ಯ ತಿಂಗಳುಗಳನ್ನು.

ಬಾಣಂತಿಯರಿಗೆ ಬೇರೆ ಲೆಕ್ಕ

ಹೆರಿಗೆಯ ಮೂರರಿಂದ ಐದನೇ ದಿನದಲ್ಲಿ ಎರಡೂ ಸ್ತನ ಕಲ್ಲಿನ ಹಾಗಾಗುವುದು ಹಾಲು ಇಳಿಯುವ ಲಕ್ಷಣ. ಮಗು ತೊಟ್ಟನ್ನಷ್ಟೇ ಕಚ್ಚಿ ಎಳೆಯುತ್ತಿದ್ದರೆ ತೊಟ್ಟು ಬಿರಿಯುತ್ತದೆ, ಹಾಲೂ ಪೂರ್ತಿ ಬರುವುದಿಲ್ಲ. ಮಗುವಿನ ಬಾಯಿ ಅಗಲವಾಗಿ ತೆರೆದು, ತೊಟ್ಟಿನ ಸುತ್ತಲಿನ ಕಪ್ಪು ಭಾಗವೂ ಒಳಗೆ ಹೋಗಬೇಕು. ಸ್ತನ ಬಿಗಿದು ಮಗುವಿಗೆ ಹಿಡಿತ ಸಿಗದಿದ್ದರೆ ತೊಟ್ಟಿನ ಸುತ್ತ ಬೆರಳ ತುದಿಗಳಿಂದ ಒಂದು ನಿಮಿಷ ಮೆತ್ತಗೆ ಒಳಕ್ಕೆ ಒತ್ತಿ ಹಿಡಿದರೆ ಆ ಜಾಗ ಮೆದುವಾಗುತ್ತದೆ.

ಆಮೇಲೆ ಒಂದು ಕಡೆ ಬೆಣೆಯಾಕಾರದಲ್ಲಿ ಕೆಂಪು, ಗಟ್ಟಿ, ನೋವು ಬಂದರೆ ಮನೆಯಲ್ಲಿ ಶುರುವಾಗುವುದು ಬಿಸಿನೀರು ಹುಯ್ದು ತಿಕ್ಕುವ ಕಾರ್ಯಕ್ರಮ. ಬಾಣಂತನಕ್ಕೆ ಬಂದ ಅಜ್ಜಿಯ ಪ್ರೀತಿಯ ಬಗ್ಗೆ ಎರಡು ಮಾತಿಲ್ಲ, ಅಂಗೈಯ ಬಲದ ಬಗ್ಗೆ ಇದೆ. ಹಾಲು ಕಟ್ಟಿದೆ ಎಂದು ಗಂಟನ್ನು ಹಿಂಡಿ ತಿಕ್ಕಿದರೆ ಊತ ಹೆಚ್ಚಾಗುತ್ತದೆ. 2022ರಲ್ಲಿ ಬದಲಾದ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುವುದು ಹಳೆಯ ಪದ್ಧತಿಗೆ ಉಲ್ಟಾ: ಜೋರಾಗಿ ತಿಕ್ಕಬೇಡಿ, ತಣ್ಣನೆಯ ಬಟ್ಟೆ ಇಡಿ, ಮಗುವಿಗೆ ಬೇಕಾದಷ್ಟು ಹಾಲು ಕುಡಿಸಿ, "ಪೂರ್ತಿ ಖಾಲಿ ಮಾಡಬೇಕು" ಎಂದು ಪಂಪಿನಿಂದ ಎಳೆಯುತ್ತಾ ಕೂರಬೇಡಿ. ಎಳೆದಷ್ಟೂ ದೇಹ ಹೆಚ್ಚು ಹಾಲು ತಯಾರಿಸುತ್ತದೆ. ನೋವಿಗೆ ಪ್ಯಾರಸಿಟಮಾಲ್ ಅಥವಾ ಐಬುಪ್ರೊಫೆನ್ ಅನ್ನು ಡಾಕ್ಟರನ್ನು ಕೇಳಿ ತೆಗೆದುಕೊಳ್ಳಬಹುದು.

ಒಂದು ದಿನ ಕಳೆದರೂ ಇಳಿಯದಿದ್ದರೆ, ಜ್ವರ ಏರಿದರೆ ಆ್ಯಂಟಿಬಯಾಟಿಕ್ ಬೇಕಾಗಬಹುದು. ಆಗಲೂ ಆ ಸ್ತನದಿಂದ ಹಾಲು ಕುಡಿಸುವುದನ್ನು ನಿಲ್ಲಿಸಬೇಕಿಲ್ಲ, ಮಗುವಿಗೆ ತೊಂದರೆಯಿಲ್ಲ. ತಟ್ಟನೆ ನಿಲ್ಲಿಸಿದರೆ ಕೀವುಗಟ್ಟುವ ಸಾಧ್ಯತೆಯೇ ಹೆಚ್ಚು. ಕೀವಾದರೂ ಈಗ ಬಹಳ ಸಲ ಕೊಯ್ಯದೆ, ಸ್ಕ್ಯಾನ್ ನೋಡುತ್ತಾ ಸೂಜಿಯಿಂದ ತೆಗೆಯುತ್ತಾರೆ.

ಹಾಲು ಬತ್ತಿಸಲು ಮಲ್ಲಿಗೆ ದಂಡೆಯನ್ನು ಸ್ತನಕ್ಕೆ ಕಟ್ಟುವ ರೂಢಿ ದಕ್ಷಿಣದ ಮನೆಗಳಲ್ಲಿದೆ. ಇದು ಬರೀ ಅಜ್ಜಿಕತೆಯಲ್ಲ. ವೆಲ್ಲೂರಿನ ವೈದ್ಯರು ಮಲ್ಲಿಗೆಯನ್ನು ಬ್ರೊಮೊಕ್ರಿಪ್ಟಿನ್ ಮಾತ್ರೆಯ ಜತೆ ಹೋಲಿಸಿ ನೋಡಿದ ಅಧ್ಯಯನ 1988ರಲ್ಲಿ ಪ್ರಕಟವಾಗಿದೆ, ಎರಡೂ ಹಾಲನ್ನು ಕಡಿಮೆ ಮಾಡಿದವು. ಹಾಗೆಂದೇ, ಹಾಲು ಕುಡಿಸುತ್ತಿರುವವರು ನೋವಿಗೆಂದು ಮಲ್ಲಿಗೆ ಕಟ್ಟಬೇಡಿ.

ಬಾಣಂತಿಯಲ್ಲ, ಆದರೂ ಕೆಂಪಾಗಿದೆ

ತೊಟ್ಟಿನ ಸುತ್ತಲೇ ಮತ್ತೆ ಮತ್ತೆ ಕೀವಾಗುವ ಬಗೆ ಧೂಮಪಾನ ಮಾಡುವವರಲ್ಲಿ ಹೆಚ್ಚು. ಹೆರಿಗೆಯಾಗಿ ಕೆಲವು ವರ್ಷದೊಳಗಿನ ಹೆಂಗಸರಲ್ಲಿ ಗ್ರಾನ್ಯುಲೊಮಾಟಸ್ ಮ್ಯಾಸ್ಟೈಟಿಸ್ ಎಂಬ ಕಾಟ ಕೊಡುವ ಊತ ಬರುತ್ತದೆ. ಗಟ್ಟಿ ಗಂಟು, ನೋವು, ಅಲ್ಲಲ್ಲಿ ಒಡೆಯುವ ಬಾಯಿ. ನೋಡಲು ಕ್ಯಾನ್ಸರ್ ಹಾಗೇ ಇರುತ್ತದೆ. ನಮ್ಮ ದೇಶದಲ್ಲಿ ಸ್ತನದ ಕ್ಷಯವನ್ನೂ ಮರೆಯುವಂತಿಲ್ಲ. ಆ್ಯಂಟಿಬಯಾಟಿಕ್ ಒಂದು ಸುತ್ತು ಮುಗಿದರೂ ಕೆಂಪು ಇಳಿಯದಿದ್ದರೆ ಇನ್ನೊಂದು ಆ್ಯಂಟಿಬಯಾಟಿಕ್ ಬರೆಸಿಕೊಳ್ಳುವುದು ಸರಿಯಲ್ಲ. ಬಯಾಪ್ಸಿಗೆ ಕೇಳಿ. ಸ್ತನ ಪೂರ್ತಿ ಕೆಂಪಾಗಿ ವೇಗವಾಗಿ ಊದುವ ಒಂದು ಬಗೆಯ ಕ್ಯಾನ್ಸರ್ ಇದೆ, ಸೋಂಕಿನ ವೇಷದಲ್ಲೇ ಬರುತ್ತದೆ.

ಸ್ಕ್ಯಾನ್ ಯಾರಿಗೆ, ಯಾವುದು?

ಮುಟ್ಟಿನ ಜತೆ ಬಂದು ಹೋಗುವ, ಎರಡೂ ಕಡೆ ಹರಡಿದ, ಡಾಕ್ಟರ ಕೈಗೆ ಏನೂ ಸಿಗದ ನೋವಿಗೆ ಸಾಮಾನ್ಯವಾಗಿ ಸ್ಕ್ಯಾನ್ ಬೇಕಿಲ್ಲ. ಒಂದೇ ಬಿಂದುವಿನಲ್ಲಿ ಬಿಡದೆ ನೋಯುತ್ತಿದ್ದರೆ ಬೇಕು. ಮೂವತ್ತರೊಳಗಿನವರಿಗೆ ಅಲ್ಟ್ರಾಸೌಂಡ್, ನಲವತ್ತು ದಾಟಿದವರಿಗೆ ಮ್ಯಾಮೊಗ್ರಾಂ (ಸ್ತನದ ಎಕ್ಸ್‌ರೇ) ಜತೆಗೆ ಅಲ್ಟ್ರಾಸೌಂಡ್, ನಡುವಿನವರಿಗೆ ಡಾಕ್ಟರ್ ನೋಡಿ ಹೇಳಿದ್ದು. ಮ್ಯಾಮೊಗ್ರಾಂ ಮಾಡಿಸುವುದಿದ್ದರೆ ಮುಟ್ಟು ಮುಗಿದ ವಾರದಲ್ಲಿ ಮಾಡಿಸಿ, ಒತ್ತುವಾಗ ನೋವು ಕಡಿಮೆ. ಆ ದಿನ ಪೌಡರ್, ಡಿಯೋಡರೆಂಟ್ ಹಾಕಬೇಡಿ, ಚಿತ್ರದಲ್ಲಿ ಚುಕ್ಕಿಗಳಾಗಿ ಕಾಣುತ್ತವೆ.

ರಿಪೋರ್ಟಿನ ಕೊನೆಯಲ್ಲಿ ಬೈ-ರಾಡ್ಸ್ ಎಂದು ಒಂದು ಅಂಕಿ ಇರುತ್ತದೆ. 1 ಅಂದರೆ ಏನೂ ಇಲ್ಲ. 2 ಅಂದರೆ ಇರುವುದು ನಿರಪಾಯಕಾರಿ. 3 ಅಂದರೆ ಬಹುತೇಕ ನಿರಪಾಯಕಾರಿ, ಕ್ಯಾನ್ಸರ್ ಸಾಧ್ಯತೆ ಶೇ. 2ಕ್ಕಿಂತ ಹೆಚ್ಚಿಲ್ಲ, ಆರು ತಿಂಗಳಲ್ಲಿ ಮತ್ತೆ ನೋಡಬೇಕು. 4 ಮತ್ತು 5 ಬಂದರೆ ಬಯಾಪ್ಸಿ. 0 ಅಂದರೆ ಚಿತ್ರ ಸಾಲದು, ಇನ್ನೊಂದು ಪರೀಕ್ಷೆ ಬೇಕು. ಸೊನ್ನೆ ನೋಡಿ ಖುಷಿಯಾಗಿ ಫೈಲ್ ಮುಚ್ಚಿದವರಿದ್ದಾರೆ. ಫೈಬ್ರೊಅಡಿನೋಸಿಸ್, ಫೈಬ್ರೊಸಿಸ್ಟಿಕ್ ಬದಲಾವಣೆ ಎಂದು ಬರೆದಿದ್ದರೆ ರಾತ್ರಿಯೆಲ್ಲ ಗೂಗಲ್ ಮಾಡುವಂಥದ್ದೇನಿಲ್ಲ.

ನೋವಿಗೆ ಏನು ಮಾಡಬಹುದು, ಯಾವುದಕ್ಕೆ ದುಡ್ಡು ಸುರಿಯಬಾರದು

ಸರಿಯಾದ ಬ್ರಾ ಆದ ಮೇಲಿನ ಮೊದಲ ಮದ್ದು ಡೈಕ್ಲೊಫೆನಾಕ್ ಜೆಲ್. ನೋಯುವ ಜಾಗಕ್ಕೆ ಹಚ್ಚಿದರೆ ಪಕ್ಕೆಲುಬಿನ ನೋವಿಗೂ ಆಗುತ್ತದೆ, ಸ್ತನದ ನೋವಿಗೂ ಆಗುತ್ತದೆ, ಹೊಟ್ಟೆಗೆ ತೊಂದರೆ ಕಡಿಮೆ. ಬಸಿರಿಯರು, ಹಾಲು ಕುಡಿಸುವವರು ಕೇಳದೆ ಹಚ್ಚಬಾರದು. ಅಗಸೆ ಬೀಜದಿಂದ ಮುಟ್ಟಿನ ಜತೆಯ ನೋವು ಸ್ವಲ್ಪ ಇಳಿಯುತ್ತದೆ ಎಂದು ಕೆಲವು ಸಣ್ಣ ಅಧ್ಯಯನಗಳು ತೋರಿಸಿವೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಅಗಸೆ ಚಟ್ನಿಪುಡಿ ಹೇಗೂ ಇರುತ್ತದೆ. ರೊಟ್ಟಿ ಜತೆ ಎರಡು ಚಮಚ ಹೆಚ್ಚಿಗೆ ಹಾಕಿಕೊಂಡರೆ ನಷ್ಟವಿಲ್ಲ. ಈವ್ನಿಂಗ್ ಪ್ರಿಮ್‌ರೋಸ್ ಎಣ್ಣೆಯ ಕ್ಯಾಪ್ಸೂಲನ್ನು ಎಲ್ಲರೂ ಬರೆಯುತ್ತಾರೆ, ಆದರೆ ಒಳ್ಳೆಯ ಪರೀಕ್ಷೆಗಳಲ್ಲಿ ಅದು ಖಾಲಿ ಕ್ಯಾಪ್ಸೂಲಿಗಿಂತ ಮೇಲು ಎಂದು ಸಾಬೀತಾಗಿಲ್ಲ. ಅದರ ಬೆಲೆಗೆ ಒಂದು ಒಳ್ಳೆಯ ಬ್ರಾ ಬರುತ್ತದೆ. ಕಾಫಿ ಬಿಟ್ಟರೆ ನೋವು ಹೋಗುತ್ತದೆ ಎನ್ನುವುದಕ್ಕೂ ಗಟ್ಟಿ ಆಧಾರವಿಲ್ಲ. ಬೆಂಗಳೂರಿನಲ್ಲಿ ಕೂತು ಫಿಲ್ಟರ್ ಕಾಫಿ ಬಿಡಿ ಎನ್ನುವುದಕ್ಕೆ ಅಷ್ಟಾದರೂ ಆಧಾರ ಬೇಡವೇ?

ಕೆಲವರಿಗೆ ತಿಂಗಳಲ್ಲಿ ಅರ್ಧ ದಿನಗಳು ನೋವಿನಲ್ಲೇ ಹೋಗುತ್ತವೆ, ನಿದ್ದೆ ಬರುವುದಿಲ್ಲ, ಮಗು ತಬ್ಬಿಕೊಂಡರೂ ಸಹಿಸಲಾಗುವುದಿಲ್ಲ. ಇಂಥವರಿಗೆ ಹಾರ್ಮೋನ್ ಮೇಲೆ ಕೆಲಸ ಮಾಡುವ ಔಷಧಗಳಿವೆ. ನಮ್ಮಲ್ಲಿ ಹೆಚ್ಚು ಕೊಡುವುದು ಓರ್ಮೆಲಾಕ್ಸಿಫೀನ್. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯ (ಸಿಡಿಆರ್‌ಐ) ಪ್ರಯೋಗಾಲಯದಲ್ಲಿ ಗರ್ಭನಿರೋಧಕವಾಗಿ ಹುಟ್ಟಿದ ಗುಳಿಗೆ ಇದು; ಸರ್ಕಾರಿ ಆಸ್ಪತ್ರೆಗಳಲ್ಲಿ ಛಾಯಾ ಎಂಬ ಹೆಸರಿನಲ್ಲಿ ಕೊಡುತ್ತಾರೆ. ಮುಟ್ಟು ಮುಂದೆ ಹೋಗಬಹುದು. ಪಿಸಿಒಎಸ್ (ಅಂಡಾಶಯದ ಹಾರ್ಮೋನ್ ತೊಂದರೆ) ಇರುವವರಿಗೆ, ಇತ್ತೀಚೆಗೆ ಕಾಮಾಲೆ ಆದವರಿಗೆ, ಮಗು ಬೇಕೆನ್ನುವವರಿಗೆ ಸಲ್ಲದು. ಟ್ಯಾಮೊಕ್ಸಿಫೆನ್, ಡ್ಯಾನಜೋಲ್ ಕೂಡ ಇವೆ, ಅಡ್ಡ ಪರಿಣಾಮ ಜಾಸ್ತಿ. ಯಾವುದನ್ನೂ ಡಾಕ್ಟರನ್ನು ಕೇಳದೆ, ಅಂಗಡಿಯಿಂದ ನೇರ ತಂದು ನುಂಗುವಂತಿಲ್ಲ.

ತೋರಿಸಲು ಹೋಗುವಾಗ

ದುಡ್ಡಿಗೆ ಯೋಚಿಸಬೇಕಾದವರು ಹತ್ತಿರದ ಸರ್ಕಾರಿ "ನಮ್ಮ ಕ್ಲಿನಿಕ್" ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಶುರು ಮಾಡಬಹುದು. 30 ದಾಟಿದವರಿಗೆ ಸರ್ಕಾರದ ತಪಾಸಣೆಯಲ್ಲಿ ಸ್ತನದ ಪರೀಕ್ಷೆಯೂ ಸೇರಿದೆ. ಅಲ್ಲಿಂದ ಕೆ.ಸಿ. ಜನರಲ್, ಜಯನಗರ ಜನರಲ್, ಬೌರಿಂಗ್, ವಿಕ್ಟೋರಿಯಾ ಆಸ್ಪತ್ರೆಗಳ ಸರ್ಜರಿ ವಿಭಾಗಕ್ಕೆ ಚೀಟಿ ಬರೆಸಿಕೊಳ್ಳಿ. ಸ್ತನದ ಗಂಟನ್ನು ನೋಡುವವರು ಸರ್ಜನ್‌ಗಳು. ಸ್ತ್ರೀರೋಗ ವಿಭಾಗದ ಸಾಲಿನಲ್ಲಿ ಅರ್ಧ ದಿನ ನಿಂತು ಆಮೇಲೆ ಅಲ್ಲಿಂದ ಇಲ್ಲಿಗೆ ಕಳಿಸಿಕೊಳ್ಳುವುದು ತಪ್ಪುತ್ತದೆ. ಹೆಂಗಸು ಡಾಕ್ಟರೇ ಬೇಕೆಂದರೆ, ಅಥವಾ ಪರೀಕ್ಷೆ ವೇಳೆ ನರ್ಸ್ ಜತೆಗಿರಬೇಕೆಂದರೆ ಕೇಳಿ, ಅದು ನಿಮ್ಮ ಹಕ್ಕು.

ಕೈಯಲ್ಲಿ ಇರಬೇಕಾದವು: ನೋವಿನ ಅಂಕಿ ಬರೆದ ಕ್ಯಾಲೆಂಡರ್ ಹಾಳೆ ಅಥವಾ ಅದರ ಫೋಟೊ, ನುಂಗುವ ಎಲ್ಲ ಮಾತ್ರೆಗಳ ಸ್ಟ್ರಿಪ್, ಗ್ಯಾಸಿನದ್ದೂ ಸೇರಿ, ಹಳೆಯ ಸ್ಕ್ಯಾನ್‌ನ ಫಿಲ್ಮ್ ಮತ್ತು ರಿಪೋರ್ಟ್. ಅಮ್ಮ, ಅಕ್ಕತಂಗಿ, ಚಿಕ್ಕಮ್ಮ, ಅಜ್ಜಿಯಲ್ಲಿ ಯಾರಿಗಾದರೂ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಆಗಿತ್ತೇ, ಯಾವ ವಯಸ್ಸಿಗೆ ಎಂದು ಕೇಳಿಕೊಂಡು ಹೋಗಿ. ಅಪ್ಪನ ಕಡೆಯವರನ್ನೂ ಲೆಕ್ಕಕ್ಕೆ ಹಿಡಿಯಬೇಕು; ಆ ಪ್ರಶ್ನೆಗೆ ಉತ್ತರ ಹೆಚ್ಚಾಗಿ ಸೋದರತ್ತೆಗೆ ಒಂದು ಫೋನ್ ಮಾಡಿದರೆ ಸಿಗುತ್ತದೆ.